ಮೆಟ್ಟಿಲ ಮೇಲೆ ಕೂತವರು

"ಟೀಚರ್, ನೀವು ನಮ್ಮ ಮನೆ ಮೆಟ್ಟಿಲ ಮೇಲೆ ಕೂತಿದ್ದು ನೆನಪಿದೆಯಾ? ನಿಮ್ಮನ್ನ ದಾಟಿ ಬರೋಕೆ ಧೈರ್ಯ ಇಲ್ದೆ ನಮ್ಮಪ್ಪ ಹಿಂದಿನ ಕಿಟಕಿಯಿಂದ ಹಾರಿ ಕೆಲಸಕ್ಕೆ ಹೋದ್ರು!"

ಹಾಗಂದು ಬ್ಯಾಂಕಿನವಳು ನಕ್ಕಳು. ಜೊತೆಗೆ ಬಂದಿದ್ದವರೂ ನಕ್ಕರು. ಎಲ್ಲರೂ ತಲೆ ನರೆತ ಹೆಂಗಸರೇ. ಆದರೆ ಈ ಕೋಣೆಗೆ ಕಾಲಿಟ್ಟ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು ಕೂತುಬಿಡುತ್ತಿದ್ದರು, ಇನ್ನೇನು ಹಾಜರಿ ಕೂಗುತ್ತಾರೆ ಅನ್ನುವ ಹಾಗೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ದೊಡ್ಡ ಟೀಚರ್ ಇದ್ದರು. ಹೆಣ್ಣುಮಕ್ಕಳ ಶಾಲೆಯನ್ನು ಮೂರು ದಶಕ ನಡೆಸಿದವರು. ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ, ಮುಖಗಳೂ ಅಷ್ಟಕ್ಕಷ್ಟೇ. ಧ್ವನಿ ಕೇಳಿದರೆ ಸಾಕು, ಯಾವ ಬೆಂಚಿನವಳು ಅಂತ ಹೇಳುತ್ತಿದ್ದರು.

"ನೆನಪಿಲ್ದೆ ಏನು? ನಿಮ್ಮಪ್ಪನ ಚಪ್ಪಲಿ ಮೆಟ್ಟಿಲ ಮೇಲೇ ಉಳೀತು. ಬರಿಗಾಲಲ್ಲಿ ಹೋದ. ಸಂಜೆ ಬಂದೋನೇ, 'ಕರ್ಕೊಂಡು ಹೋಗಿ ತಾಯಿ ನಿಮ್ಮ ಹುಡುಗೀನ, ನನ್ನ ಚಪ್ಪಲಿ ಕೊಟ್ಟುಬಿಡಿ' ಅಂದ."

ಅದು ದೊಡ್ಡ ಟೀಚರ ಪದ್ಧತಿಯಾಗಿತ್ತು. ಯಾವುದೇ ಹುಡುಗಿ ವಾರವಿಡೀ ಶಾಲೆಗೆ ಬರಲಿಲ್ಲ ಅಂದರೆ ಅವಳ ಮನೆಗೆ ಹೋಗುವುದು, ಬೈಯದೆ, ಬೇಡದೆ, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರುವುದು. ನೀರು ಕೊಟ್ಟರೂ ಮುಟ್ಟುವುದಿಲ್ಲ, ಊಟಕ್ಕೆ ಕರೆದರೂ ಏಳುವುದಿಲ್ಲ. ಒಳಗಿದ್ದವರ ಗಂಟಲಲ್ಲಿ ತುತ್ತು ಇಳಿಯಬಾರದು, ಅಷ್ಟೇ ಉಪಾಯ. ಹಾಗೆ ಮರಳಿ ಬಂದ ಹುಡುಗಿಯರು ಈಗ ಬ್ಯಾಂಕಿನಲ್ಲಿದ್ದರು, ಆಸ್ಪತ್ರೆಯಲ್ಲಿದ್ದರು, ಒಬ್ಬಳು ನ್ಯಾಯಾಲಯದಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡುತ್ತಿದ್ದಳು. ಶಾಲೆಗೆ ಎಪ್ಪತ್ತೈದು ವರ್ಷ ತುಂಬಿತೆಂದು ಅವರೆಲ್ಲ ಸೇರಿ ಅದರ ಚರಿತ್ರೆ ಬರೆಸುತ್ತಿದ್ದರು. ಬರೆಸುವುದು ದೊಡ್ಡ ಟೀಚರ್ ಬಾಯಲ್ಲಿ. ಟೈಪ್ ಮಾಡುವುದು ಮೊಮ್ಮಗಳು. ಅವಳಿಗೆ ಪ್ರೆಸ್ಸಿನಲ್ಲಿ ಪುಸ್ತಕಗಳ ಪುಟ ಜೋಡಿಸುವ ಕೆಲಸ. ಹೀಗಾಗಿ ಭಾನುವಾರಗಳೆಲ್ಲ ಈ ಮನೆಯಲ್ಲಿ ಶಾಲೆಯಾಗಿದ್ದವು.

ಅಕ್ಕ ಟೀ ತಂದಳು. ಅವಳು ದೊಡ್ಡ ಟೀಚರ ಸೊಸೆ. ಆದರೆ ದೂರದಿಂದ ಬಂದು ಈ ಮನೆಯಲ್ಲೇ ಉಳಿದು ಓದಿದ ಹುಡುಗಿಯರಿಗೆಲ್ಲ ಅವಳು ಅಡುಗೆ ಅಕ್ಕ. ಹುಡುಗಿಯರು ಓದಿ ಹೊರಟುಹೋದರು, ಹೆಸರಿನ ಅರ್ಧ ಮಾತ್ರ ಇಲ್ಲೇ ಉಳಿಯಿತು. ಬೀದಿಯವರಿಗೂ ಅವಳು ಅಕ್ಕ, ಹಾಲಿನವನಿಗೂ ಅಕ್ಕ.

"ಅಕ್ಕನ ಕೈ ಊಟ ತಿಂದೇ ನಾನು ಗಣಿತದಲ್ಲಿ ಪಾಸಾಗಿದ್ದು," ಅಂದಳು ಕರಿ ಕೋಟಿನವಳು.

"ಹಾಗಾದ್ರೆ ಫೇಲಾದೋರು ಎಲ್ಲಿ ಊಟ ಮಾಡ್ತಿದ್ರು?" ಅಂದಳು ಅಕ್ಕ.

ಮತ್ತೆ ನಗು. ನೆನಪುಗಳು ಒಂದರ ಬಾಲ ಹಿಡಿದು ಇನ್ನೊಂದು ಬಂದವು. ಶಾಲೆ ಮೊದಲು ಒಂದು ಬೇಕರಿಯ ಮೇಲಿನ ಅಟ್ಟದಲ್ಲಿತ್ತಂತೆ. ಬೆಳಗ್ಗೆ ಬ್ರೆಡ್ಡು ಬೇಯುವ ವಾಸನೆಗೆ ಹುಡುಗಿಯರು ಮಗ್ಗಿ ಮರೆಯುತ್ತಿದ್ದರಂತೆ. ಆಮೇಲೆ ಮುಚ್ಚಿಹೋಗಿದ್ದ ಒಂದು ಆಸ್ಪತ್ರೆಯ ಕಟ್ಟಡ ಸಿಕ್ಕಿತು. ಬಾಗಿಲುಗಳಿಗೆ ಸುಣ್ಣ ಬಳಿದರೂ ಹಳೆಯ ಅಕ್ಷರ ಅಳಿಯಲಿಲ್ಲ. ಏಳನೇ ತರಗತಿಯ ಹುಡುಗಿಯರು ವರ್ಷವಿಡೀ 'ಹೆರಿಗೆ ವಾರ್ಡು' ಅನ್ನುವ ಬಾಗಿಲಿಂದಲೇ ಒಳಗೆ ಹೋದರು, ಹೊರಗೆ ಬಂದರು.

"ಆಯ್ತು, ಕೆಲಸಕ್ಕೆ ಬರೋಣ," ಅಂದರು ದೊಡ್ಡ ಟೀಚರ್. "ಬರ್ಕೋ ಮಗು. 'ಬೇರೆಯವರ ಮಕ್ಕಳಿಗೆ ಒಂದು ನ್ಯಾಯ, ನಮ್ಮ ಮನೆಗೆ ಒಂದು ನ್ಯಾಯ ಎಂದು ನಾನು ಎಂದೂ ಮಾಡಲಿಲ್ಲ. ನನ್ನ ಸೊಸೆಯೂ ಇದೇ ಶಾಲೆಯಲ್ಲಿ ಓದು ಮುಗಿಸಿದವಳು.'"

ಅಕ್ಕ ಖಾಲಿ ಕಪ್ಪುಗಳನ್ನು ಎತ್ತುತ್ತಿದ್ದಳು. ಎರಡು ಎತ್ತಿ, ಉಳಿದವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಅತಿಥಿಗಳು ಹೋದ ಮೇಲೆ, ಟೈಪ್ ಮಾಡುತ್ತಿದ್ದ ಮಗಳು ಅಡುಗೆಮನೆಗೆ ಬಂದಳು. ಅಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಅಮ್ಮ, ನಿಂದು ಯಾವ ವರ್ಷದ ಬ್ಯಾಚು? ವರ್ಷದ ಪ್ರಕಾರ ಫೋಟೋ ಹಾಕ್ತಿದೀವಿ."

"ಯಾವುದಕ್ಕೂ ಹಾಕ್ಬೇಡ."

"ಫೋಟೋ ಚೆನ್ನಾಗಿ ಬಂದಿಲ್ವಾ?"

"ನಾನು ಕೊನೇ ಪರೀಕ್ಷೆ ಬರೀಲಿಲ್ಲ."

ಮಗಳು ಒಂದು ಆಲೂಗಡ್ಡೆ ತೆಗೆದುಕೊಂಡು ಸುಮ್ಮನೆ ತಿರುಗಿಸಿದಳು. "ಬರೀಲಿಲ್ಲ ಅಂದ್ರೆ?"

"ಬರೀಲಿಲ್ಲ ಅಂದ್ರೆ ಬರೀಲಿಲ್ಲ. ಅದಕ್ಕೆ ಬೇರೆ ಅರ್ಥ ಎಲ್ಲಿಂದ ತರ್ಲಿ?"

"ನನ್ನ ಲೆಕ್ಕ ಎಲ್ಲಾ ನೀನೇ ಮಾಡಿಸ್ತಿದ್ದೆ. ಕಾಲೇಜಿಗೆ ಬರೋವರೆಗೂ!"

"ಲೆಕ್ಕ ಮಾಡ್ಸೋಕೆ ಸರ್ಟಿಫಿಕೇಟ್ ತೋರಿಸ್ಬೇಕಿತ್ತಾ ನಿಂಗೆ?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರಿ?" ಅಕ್ಕ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಬುಟ್ಟಿಗೆ ಹಾಕಿದಳು. "ಅಜ್ಜಿ ಹೇಳಿದ ಆ ಕೊನೇ ಸಾಲು ತೆಗೆದುಬಿಡು."

"ಅಜ್ಜಿ ಹೇಳಿದ್ದನ್ನ ನಾನು ಹೇಗೆ ತೆಗೀಲಿ ಅಮ್ಮ? ಪುಟ ಆದ್ಮೇಲೆ ಅವರಿಗೆ ಓದಿ ಹೇಳ್ಬೇಕು. ಒಂದಕ್ಷರ ಹೆಚ್ಚುಕಮ್ಮಿಯಾದ್ರೂ ಹಿಡೀತಾರೆ."

"ಸರಿ ಬಿಡು. ನಾನೇ ಕೇಳ್ತೀನಿ."

ಕೇಳುವುದು ಅಷ್ಟು ಸುಲಭವಿರಲಿಲ್ಲ. ಈ ಮನೆಗೆ ಬಂದ ದಿನದಿಂದ ಅಕ್ಕ ಅವರನ್ನು 'ಟೀಚರ್' ಅಂತಲೇ ಕರೆದವಳು. 'ಅತ್ತೆ' ಅನ್ನಲು ಬಾಯಿ ಬರಲಿಲ್ಲ. ಟೀಚರ್ ಜೊತೆ ಯಾರು ವಾದ ಮಾಡುತ್ತಾರೆ? ಮೂರು ದಿನ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡೇ ಓಡಾಡಿದಳು. ನಾಲ್ಕನೇ ದಿನ ಊಟಕ್ಕೆ ಕೂತಾಗ ಬೇಳೆ ಬಡಿಸುತ್ತ ಅಂದುಬಿಟ್ಟಳು.

"ಟೀಚರ್, ನಾನು ಓದು ಮುಗಿಸಿದೆ ಅಂತ ಬರೆಸಿದೀರಲ್ಲ, ಅದು ಬೇಡ."

ದೊಡ್ಡ ಟೀಚರ್ ತಟ್ಟೆಯಿಂದ ಕೈ ಎತ್ತಲಿಲ್ಲ. "ಏನು ತಪ್ಪು ಅದರಲ್ಲಿ? ಪಾಠ ಎಲ್ಲಾ ಮುಗಿಸಿದ್ದೆ. ಪುಸ್ತಕ ಎರಡೆರಡು ಸಲ ಓದಿದ್ದೆ. ಪರೀಕ್ಷೆ ಒಂದು ಬರೀಲಿಲ್ಲ."

"ಪರೀಕ್ಷೆ ಬರೀದೆ ಇರೋರನ್ನ ನೀವು ಯಾರನ್ನಾದ್ರೂ ಓದು ಮುಗಿಸಿದೋರು ಅಂತ ಒಪ್ಕೊಂಡಿದೀರಾ?"

ಅಕ್ಕನ ಗಂಡ ಕೆಮ್ಮಿದ. ಅವನು ನೀರಿನ ಮೀಟರು ಓದುವ ಕೆಲಸದವನು. ಊರಿನ ಮನೆಗಳ ಹಿತ್ತಿಲೆಲ್ಲ ಅವನಿಗೆ ಗೊತ್ತು. "ಯಾವ ಕಾಲದ್ದೋ ಮಾತು. ಈಗ ಯಾಕೆ ಕೆದಕ್ತೀಯ? ಉಪ್ಪು ಕೊಡು."

"ನಿಮ್ಮ ಮುಂದೇ ಇದೆ ಉಪ್ಪು."

"ಆ ಸಾಲು ಇರ್ಬೇಕು," ಅಂದರು ದೊಡ್ಡ ಟೀಚರ್. "ಎಷ್ಟು ಮನೆಗಳ ಬಾಗಿಲಲ್ಲಿ ನನ್ನನ್ನ ಕೇಳಿದ್ದಾರೆ ಗೊತ್ತಾ, 'ನಿಮ್ಮ ಮನೇ ಹುಡುಗಿ ಆಗಿದ್ರೆ ಹೀಗೇ ಮಾಡ್ತಿದ್ರಾ' ಅಂತ? ಅವರಿಗೆಲ್ಲ ಅದು ಉತ್ತರ. ಅವರ ಮೊಮ್ಮಕ್ಕಳು ಓದ್ತಾರೆ ಈ ಪುಸ್ತಕ."

"ಆ ಉತ್ತರ ಸುಳ್ಳಲ್ವಾ ಟೀಚರ್?"

ಈ ಮನೆಯಲ್ಲಿ ಆ ಪದವನ್ನು ದೊಡ್ಡ ಟೀಚರ್ ಮುಂದೆ ಯಾರೂ ಆಡಿರಲಿಲ್ಲ. ಅವರು ಎದ್ದು, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ತಟ್ಟೆಯಲ್ಲಿ ಅರ್ಧ ಅನ್ನ ಉಳಿದಿತ್ತು.

"ಮಾಡಿದ್ಯಲ್ಲ ಈಗ!" ಅಂದ ಗಂಡ.

"ನಾನೇನು ಮಾಡ್ದೆ? ಬೇಳೆ ಬಡಿಸಿದೆ."

ಆಮೇಲಿನ ಎರಡು ವಾರ ಮನೆಯಲ್ಲಿ ಮಾತು ಸಣ್ಣ ತುಂಡುಗಳಾಗಿ ಓಡಾಡಿತು. ಅಕ್ಕ ಹೊತ್ತಿಗೆ ಸರಿಯಾಗಿ ಟೀಚರ್‌ಗೆ ಮಾತ್ರೆ ಕೊಟ್ಟಳು, ಸ್ನಾನಕ್ಕೆ ನೀರು ಕಾಯಿಸಿದಳು, ಉಗುರು ಕತ್ತರಿಸಿದಳು. ಟೀಚರ್ ಕೈ ಚಾಚಿದರು, ಕಾಲು ಚಾಚಿದರು. "ನೀರು ಬಿಸಿ ಇದೆಯಾ?" "ಇದೆ." "ಮಾತ್ರೆ ಯಾವುದು?" "ಬಿಳೀದು." ಅಷ್ಟೇ. ಭಾನುವಾರ ಬಂದ ಹೆಂಗಸರಿಗೆ ಏನೂ ಗೊತ್ತಾಗಲಿಲ್ಲ. ಅವರಲ್ಲೊಬ್ಬಳು ಅಕ್ಕನ ಮದುವೆಯ ಕಥೆಯನ್ನು ಮತ್ತೆ ಹೇಳಿದಳು. ಅದನ್ನು ಎಲ್ಲರೂ ಹೇಳುತ್ತಿದ್ದರು. ತಡವಾಗಿ ಶಾಲೆ ಸೇರಿ, ಕೊನೆಯ ತರಗತಿಯಲ್ಲಿ ಹದಿನೆಂಟು ತುಂಬಿದ ಹುಡುಗಿ. ಅಪ್ಪ ಮರ ಕೊಯ್ಯುವ ಕಾರ್ಖಾನೆಯವನು, ಓದು ಬಿಡಿಸಿದ. ಟೀಚರ್ ಹೋಗಿ ಮೆಟ್ಟಿಲು ಹಿಡಿದರು. 'ಇಷ್ಟು ಓದಿದೋಳನ್ನ ಯಾರು ಮದುವೆ ಆಗ್ತಾರೆ? ನಿಮ್ಮ ಮನೆಗೆ ತಗೋತೀರಾ?' ಅಂದ ಅಪ್ಪ. 'ತಗೋತೀನಿ' ಅಂದರು ಟೀಚರ್, ಕೂತಲ್ಲಿಂದಲೇ.

ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಚಪ್ಪಾಳೆ ಅಲ್ಲಿ ಬೀಳುತ್ತಿತ್ತು. ಅದರಾಚೆ ಏನಾಯಿತೆಂದು ಕೇಳಿದವರಿಲ್ಲ.

ಒಂದು ಸಂಜೆ ಗಂಡ ಬೂಟು ಬಿಚ್ಚುತ್ತ ಕೇಳಿದ. "ನಿಂಗೆ ಅಷ್ಟೊಂದು ಆಸೆ ಇತ್ತಾ, ಆ ಪರೀಕ್ಷೆ ಮೇಲೆ?"

"ನಮ್ಮ ಮದುವೆ ಆಗಿ ಎರಡು ತಿಂಗಳಿಗೆ ಪರೀಕ್ಷೆ. ಆವತ್ತು ನೀವೆಲ್ಲಿದ್ರಿ?"

ಅವನು ಯೋಚಿಸಿದ. "ಕೆಲಸಕ್ಕೆ ಹೋಗಿದ್ದೆ ಅನ್ಸತ್ತೆ."

"ಹೋಗಿದ್ರಿ. ಹೋಗೋವಾಗ ಏನಂದ್ರಿ ಗೊತ್ತಾ? 'ಚೆನ್ನಾಗಿ ಬರಿ' ಅಂದ್ರಿ. ಸಂಜೆ ಬಂದು 'ಹೇಗಿತ್ತು' ಅಂತ ಕೇಳ್ಲೇ ಇಲ್ಲ."

"ಊರವರ ಮೀಟರೆಲ್ಲ ಓದ್ತೀನಿ," ಅಂದ ಗಂಡ, ಬೂಟನ್ನು ಮೂಲೆಗಿಡುತ್ತ, "ಮನೇದು ಮಾತ್ರ ನನಗೆ ಕಾಣಲ್ಲ." ಅವನು ನಗಿಸಲು ಹೇಳಿದ್ದು. ಅಕ್ಕ ನಗಲಿಲ್ಲ.

ಆ ವಾರದ ಕೊನೆಗೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕೆಂದು ಮಗಳು ಹೇಳಿದಳು. ಶನಿವಾರ ಎಲ್ಲರೂ ಸೇರಿ ಕೊನೆಯ ಸಲ ನೋಡುವುದೆಂದು ತೀರ್ಮಾನವಾಗಿತ್ತು. ಶನಿವಾರ ಬೆಳಗ್ಗೆ ಅಕ್ಕ ಎದ್ದಳು, ಮುಖ ತೊಳೆದಳು, ಟೀಚರ್‌ಗೆ ಮಾತ್ರೆ ಮತ್ತು ಅದಕ್ಕೆ ಬೇಕಾದ ಒಂದು ಲೋಟ ಹಾಲು ಕೊಟ್ಟಳು. ಆಮೇಲೆ ಅಡುಗೆಮನೆಯ ಬಾಗಿಲೆಳೆದು, ಹೊರಗೆ ಬಂದು, ಬೀದಿಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಳು.

ಮೊದಲು ಬಂದವನು ಹಾಲಿನವನು. "ಏನಕ್ಕ, ಬೀಗದ ಕೈ ಕಳೆದುಹೋಯ್ತಾ?"

"ಇಲ್ಲಪ್ಪ, ಬಾಗಿಲು ತೆಗೆದೇ ಇದೆ. ಒಳಗಿಟ್ಟು ಹೋಗು."

ಗಂಡ ಬಂದ. "ಟೀ ಆಗಿಲ್ವಾ?"

"ಆಗಿಲ್ಲ."

"ಹುಷಾರಿಲ್ವಾ?"

"ಹುಷಾರಾಗಿದೀನಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನು ಮೆಲ್ಲಗೆ ಒಳಗೆ ಹೋದ. ಒಳಗಿಂದ ದೊಡ್ಡ ಟೀಚರ ಧ್ವನಿ ಕೇಳಿಸಿತು. "ಯಾರದು ಬಾಗಿಲಲ್ಲಿ?"

"ನಿಮ್ಮ ಸೊಸೆ, ಅಮ್ಮ. ಮೆಟ್ಟಿಲು ಹಿಡಿದು ಕೂತಿದಾಳೆ."

ಒಳಗೆ ಕುರ್ಚಿ ಸರಿದ ಸದ್ದಾಯಿತು.

ಹತ್ತು ಗಂಟೆಯ ಹೊತ್ತಿಗೆ ಹೆಂಗಸರು ಬಂದರು. ಬ್ಯಾಂಕಿನವಳು ಮೆಟ್ಟಿಲ ಕೆಳಗೇ ನಿಂತುಬಿಟ್ಟಳು. ದಾಟಿ ಹೋಗುವುದು ಹೇಗೆ? ಈ ಸಂಗತಿ ಅವಳಿಗೆ ಬಾಲ್ಯದಿಂದ ಗೊತ್ತು. ಅವಳ ಮನೆಯವರಿಗಂತೂ ಇನ್ನೂ ಚೆನ್ನಾಗಿ ಗೊತ್ತು.

"ಅಕ್ಕ, ಏನಿದು? ನಾವು ಒಳಗೆ ಹೋಗ್ಬಹುದಾ?"

"ಹೋಗಿ. ಆದ್ರೆ ಇವತ್ತು ಟೀ ಇಲ್ಲ."

ಅವರ ಹಿಂದೆ ಹೆಡ್ ನರ್ಸ್ ಇದ್ದಳು. ಅಕ್ಕನ ತರಗತಿಯವಳೇ. ಆಸ್ಪತ್ರೆಯ ಪಾಳಿ ಬದಲಾಗದೆ ಇಷ್ಟು ದಿನ ಬರಲಾಗಿರಲಿಲ್ಲ. ಅವಳು ಒಳಗೆ ಹೋಗಲಿಲ್ಲ. ಚೀಲ ಪಕ್ಕಕ್ಕಿಟ್ಟು ಅಕ್ಕನ ಪಕ್ಕ ಕೂತಳು. ಮಂಡಿಗಳು ಲಟಕ್ಕೆಂದವು.

"ಹಾಗೇ ಕೂರೋ ವಯಸ್ಸಾ ಇದು? ಏಳೋಕೆ ಆಗ್ದಿದ್ರೆ ನನ್ನ ಆಸ್ಪತ್ರೆಗೇ ಬರ್ಬೇಕಾಗತ್ತೆ," ಅಂದಳು. ಆಮೇಲೆ, "ಯಾಕೆ ಕೂತಿದೀಯೇ?"

ಅಕ್ಕ ಹೇಳಿದಳು.

ನರ್ಸ್ ಬೀದಿ ನೋಡುತ್ತ ಕೂತಳು. "ಆವತ್ತು ನಿನ್ನ ಜಾಗದಲ್ಲಿ ಪ್ರಶ್ನೆಪತ್ರಿಕೆ ಇಟ್ಟಿದ್ರು. ಗಾಳಿಗೆ ಹಾರ್ದೆ ಇರ್ಲಿ ಅಂತ ಮೇಲೆ ಮಸಿ ದೌತಿ. ಗಂಟೆ ಹೊಡೆಯೋವರೆಗೂ ಹಾಗೇ ಇತ್ತು. ಟೀಚರ್ ಅದರ ಪಕ್ಕದಲ್ಲೇ ಓಡಾಡ್ತಿದ್ರು. ಒಂದ್ಸಲಾನೂ ಆ ಕಡೆ ನೋಡ್ಲಿಲ್ಲ ಕಣೇ. ನಂಗೆ ಅದೇ ಆಶ್ಚರ್ಯ."

"ಅವರಿಗೆ ಗೊತ್ತಿರಲಿಲ್ಲ," ಅಂದಳು ಅಕ್ಕ ತಕ್ಷಣ. "ಮಾವ ಹಾಸಿಗೆ ಹಿಡಿದಿದ್ರಲ್ಲ, ಒಂದು ಕಡೆ ಕೈಕಾಲು ಬಿದ್ದುಹೋಗಿತ್ತು. ಬಿಟ್ಟುಬರೋ ಹಾಗಿರಲಿಲ್ಲ. ಪರೀಕ್ಷೆ ದಿನಗಳಿಗೆ ಅಂತ ಟೀಚರೇ ಒಬ್ಬ ಹೆಂಗಸನ್ನ ಗೊತ್ತುಮಾಡಿದ್ರು. ಟೀಚರ್ ಬೆಳಗ್ಗೆ ಬೇಗ ಶಾಲೆಗೆ ಹೋದ್ರು. ನಾನು ತಲೆ ಬಾಚ್ಕೊಂಡು, ಪೆನ್ನಿಗೆ ಮಸಿ ತುಂಬ್ಕೊಂಡು ಕಿಟಕೀಲಿ ನಿಂತಿದ್ದೆ. ಆ ಹೆಂಗಸು ಬರಲೇ ಇಲ್ಲ. ಮೊದಲ್ನೇ ದಿನ ತಪ್ಪಿದ್ಮೇಲೆ ಉಳಿದಿದ್ದಕ್ಕೆ ಹೋಗಿ ಏನು ಪ್ರಯೋಜನ? ಅವಳು ಬಂದಿಲ್ಲ ಅಂತ ಟೀಚರ್‌ಗೆ ಹೇಗೆ ಗೊತ್ತಾಗ್ಬೇಕು? ಗೊತ್ತಾಗಿದ್ರೆ ಬಿಡ್ತಿದ್ರಾ?"

ನರ್ಸ್ ಮಂಡಿ ನೀವಿಕೊಂಡಳು. ಮುಂದಿನ ವರ್ಷ ಯಾಕೆ ಬರೆಯಲಿಲ್ಲ ಅಂತ ಕೇಳಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಮಾವ ಎಂಟು ವರ್ಷ ಬದುಕಿದರು. ಅಷ್ಟರಲ್ಲಿ ಮಗು ಬಂತು, ಮನೆಯಲ್ಲಿ ಉಳಿದು ಓದುವ ಹುಡುಗಿಯರು ಬಂದರು, ಒಲೆ ಆರಲಿಲ್ಲ.

ಮಧ್ಯಾಹ್ನ ಗಂಡ ಅಡುಗೆಗೆ ಇಳಿದ. ಡಬ್ಬಗಳ ಸದ್ದು ಬೀದಿಗೆ ಕೇಳಿಸಿತು. "ಅರಿಶಿನ ಎಲ್ಲಿದೆ?" ಅಂತ ಮಗಳನ್ನು ಕೇಳಿದ. "ನಂಗೇನು ಗೊತ್ತು ಅಪ್ಪ?" ಅಂದಳು ಮಗಳು. ಸೀದುಹೋದ ವಾಸನೆ ಬಂತು. ಅನ್ನ ತಳ ಹಿಡಿದಿತ್ತು. ಅವನು ತಟ್ಟೆ ಹಿಡಿದು ತಾಯಿಯ ಕೋಣೆಗೆ ಹೋಗಿದ್ದೂ, ಹಾಗೇ ಹಿಂದಕ್ಕೆ ತಂದಿದ್ದೂ ಅಕ್ಕನಿಗೆ ಬೆನ್ನ ಹಿಂದಿನ ಹೆಜ್ಜೆ ಸದ್ದಿನಲ್ಲೇ ತಿಳಿಯಿತು.

ಬಿಸಿಲು ಮೆಟ್ಟಿಲಿನಿಂದ ಇಳಿದು ಬೀದಿಯ ಆಚೆಗೆ ಹೋದಾಗ ದೊಡ್ಡ ಟೀಚರ್ ಬಾಗಿಲಿಗೆ ಬಂದರು. ಒಂದು ಕೈ ಚೌಕಟ್ಟಿನ ಮೇಲೆ, ಒಂದು ಕೈ ಮೊಮ್ಮಗಳ ಭುಜದ ಮೇಲೆ. ಹೆಂಗಸರು ಹಿಂದೆ ನಿಂತರು.

"ಇದನ್ನ ಯಾರು ಹೇಳಿಕೊಟ್ರು ನಿಂಗೆ?"

"ನೀವೇ ಟೀಚರ್. ನಮ್ಮನೆ ಮೆಟ್ಟಿಲ ಮೇಲೇ ಹೇಳಿಕೊಟ್ರಿ."

"ಎಷ್ಟೋ ಮನೆ ಮುಂದೆ ಕೂತಿದೀನಿ," ಅಂದರು ದೊಡ್ಡ ಟೀಚರ್. "ಒಳಗಡೆ ಕೂತೋರಿಗೆ ಹೇಗಿರತ್ತೆ ಅಂತ ಗೊತ್ತಿರಲಿಲ್ಲ. ಅನ್ನ ಇಳಿಯಲ್ಲ." ಆಮೇಲೆ ತರಗತಿಯಲ್ಲಿ ತೀರ್ಪು ಹೇಳುವ ಧ್ವನಿಯಲ್ಲಿ, "ನನ್ನ ಸಾಲು ತೆಗೆಯಲ್ಲ. ನಿನ್ನ ಪುಟ ನೀನು ಬರಿ. ನಿನ್ನ ಮನಸ್ಸಲ್ಲಿ ಏನಿದೆಯೋ ಬರಿ. ಎರಡೂ ಅಚ್ಚಾಗ್ಲಿ, ಓದೋರು ಓದ್ಕೊಳ್ಲಿ. ಅಚ್ಚಿಗೆ ಹೋಗೋ ಮೊದಲು ಒಂದ್ಸಲ ನನ್ನ ಕಿವಿ ಮೇಲೆ ಹಾಕು, ಸಾಕು."

ಅಕ್ಕ ಕೇಳಿದ್ದು ಅದಲ್ಲ. ಆದರೆ ತನಗೆ ಒಂದು ಪುಟ ಸಿಗಬಹುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ಆಗ್ಲಿ," ಅಂದಳು. ಏಳಲು ಹೋದರೆ ಕಾಲು ಜೋಮು ಹಿಡಿದಿತ್ತು. ನರ್ಸ್ ಕೈ ಕೊಟ್ಟು ಎಬ್ಬಿಸಿ, "ನಾನು ಹೇಳ್ಲಿಲ್ವಾ?" ಅಂದಳು.

ಪುಸ್ತಕ ಎರಡು ವಾರ ತಡವಾಗುತ್ತದೆಂದು ಮಗಳು ಪ್ರೆಸ್ಸಿಗೆ ಹೇಳಿದಳು. ಅಕ್ಕ ಬೆಳಗಿನ ಕೆಲಸ ಮುಗಿದ ಮೇಲೆ ಅಡುಗೆಮನೆಯ ಮೇಜನ್ನು ಒರೆಸಿ, ಕಾಗದ ಹರಡಿಕೊಂಡು ಕೂರುತ್ತಿದ್ದಳು. ಸಾಮಾನಿನ ಚೀಟಿ ಬಿಟ್ಟರೆ ಬೇರೇನೂ ಬರೆಯದ ಕೈ. ಮೊದಲ ದಿನ 'ನಾನು' ಅಂತ ಬರೆದು, ಹಾಲು ಬಂತೆಂದು ಎದ್ದಳು. ಎರಡನೇ ದಿನ ಒಂದು ಪುಟ ತುಂಬಿತು. ಅದನ್ನು ಓದಿದರೆ ಬರೀ ಸಿಟ್ಟು. ಟೀಚರ್ ಮೇಲೆ, ಗಂಡನ ಮೇಲೆ, ಅಪ್ಪನ ಮೇಲೆ, ಅನ್ನ ಕೇಳಿದ ಪ್ರತಿಯೊಂದು ತಟ್ಟೆಯ ಮೇಲೆ. ಹರಿದು ಒಲೆಗೆ ಹಾಕಿದಳು.

ಗಂಡ ಒಮ್ಮೆ ಇಣುಕಿದ. "ನನ್ನ ಬಗ್ಗೆ ಏನು ಬರೀತಿದೀಯ?"

"ನೀವು ಬರಲ್ಲ ಅದರಲ್ಲಿ."

"ಒಂದು ಸಾಲೂ ಇಲ್ವಾ?" ಅಂದ. ಅವನ ಮುಖ ಸಣ್ಣಗಾಯಿತು. ಆವತ್ತಿನಿಂದ ರಾತ್ರಿಯ ಪಾತ್ರೆ ಅವನೇ ತೊಳೆಯತೊಡಗಿದ. ಜಿಡ್ಡು ಪೂರ್ತಿ ಹೋಗುತ್ತಿರಲಿಲ್ಲ. ಅಕ್ಕ ಅವನಿಗೆ ಹೇಳದೆ ಮತ್ತೊಮ್ಮೆ ತೊಳೆದಿಡುತ್ತಿದ್ದಳು.

ಹರಿದು ಹರಿದು ಕೊನೆಗೆ ಉಳಿದದ್ದು ಚಿಕ್ಕದು. ಸಿಟ್ಟನ್ನೆಲ್ಲ ಬಸಿದ ಮೇಲೆ ಹೇಳುವುದು ಅಷ್ಟೇ ಇತ್ತು. ಹೇಳುವಾಗ ದೊಡ್ಡವರ ಮನಸ್ಸು ನೋಯಿಸುವುದು ಬೇಡ ಅನ್ನಿಸಿತ್ತು. ಅದನ್ನು ಮಗಳಿಗೆ ಕೊಟ್ಟಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಹೊರಗಿನವರು ಯಾರೂ ಇಲ್ಲದಾಗ, ಮಗಳು ಅಜ್ಜಿಯ ಕುರ್ಚಿಯ ಮುಂದೆ ಕೂತು ಓದಿದಳು. ಗಂಡ ಪತ್ರಿಕೆ ಮಡಚಿ ಪಕ್ಕಕ್ಕಿಟ್ಟ. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"'ನಾನು ಈ ಶಾಲೆಯಲ್ಲಿ ಎಲ್ಲ ಪಾಠಗಳನ್ನೂ ಓದಿದೆ. ಕೊನೆಯ ಪರೀಕ್ಷೆ ಬರೆಯಲಿಲ್ಲ. ಆದ್ದರಿಂದ ನಾನು ಓದು ಮುಗಿಸಿದವಳಲ್ಲ. ಪರೀಕ್ಷೆಯ ದಿನ ಮನೆಯಲ್ಲಿ ಮಾವನವರನ್ನು ನೋಡಿಕೊಳ್ಳಲು ಬರಬೇಕಾದ ಹೆಂಗಸು ಬರಲಿಲ್ಲ. ಅವಳು ಬರುವುದಿಲ್ಲವೆಂದು ಟೀಚರ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರು ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲ. ಇದನ್ನು ನಾನು...'"

"ನಿಲ್ಲಿಸು," ಅಂದರು ದೊಡ್ಡ ಟೀಚರ್.

ಮಗಳು ನಿಲ್ಲಿಸಿದಳು.

"ಆ ಎರಡು ಸಾಲು ತಪ್ಪು. ತೆಗಿ."

"ಯಾವುದು ಅಜ್ಜಿ?"

"ಗೊತ್ತಿರಲಿಲ್ಲ ಅನ್ನೋದು." ಅವರು ಕಿಟಕಿಯ ಬೆಳಕಿನ ಕಡೆ ಮುಖ ಮಾಡಿದ್ದರು. "ಆ ಹೆಂಗಸು ಬೆಳಗ್ಗೆ ಶಾಲೆ ಗೇಟಿಗೆ ಬಂದಿದ್ಲು. ತನ್ನ ಮಗೂಗೆ ಜ್ವರ, ಬರೋಕಾಗಲ್ಲ ಅಂದ್ಲು. ನಾನು ಸರಿ ಅಂದೆ. ಇನ್ನೂ ಹೊತ್ತಿತ್ತು. ಶಾಲೇಲಿ ಆಯಾ ಇದ್ಲು, ಮನೆಗೆ ಕಳಿಸ್ಬಹುದಿತ್ತು. ಕಳಿಸ್ಲಿಲ್ಲ."



"ಯಾಕಮ್ಮ?" ಅಂದ ಗಂಡ. ಅವನ ಧ್ವನಿ ಅವನದಲ್ಲ ಅನ್ನುವ ಹಾಗಿತ್ತು.

"ಆ ವರ್ಷ ಕೊನೇ ತರಗತಿ ಮುಚ್ಚಬೇಕು ಅಂತ ಶಾಲೆ ಕಮಿಟಿಯವರು ಹೊಂಚು ಹಾಕ್ತಿದ್ರು. ನಾನು ಒಂದು ತಿಂಗಳು ರಜ ಹಾಕಿದ್ರೆ ಸಾಕಿತ್ತು ಅವರಿಗೆ. ನಿಮ್ಮಪ್ಪ ಹಾಸಿಗೆ ಮೇಲೆ. ಇವಳು ಪಾಸಾಗೋಳೇ, ಒಳ್ಳೆ ನಂಬರಲ್ಲಿ ಪಾಸಾಗೋಳು. ಪಾಸಾದ್ರೆ ಮುಂದೆ ಓದ್ತಾಳೆ. ಓದೋಕೆ ಹೋದ್ರೆ ಮನೇಲಿ ಯಾರು? ಇವಳು ಮನೇಲಿ ನಿಲ್ಲದಿದ್ರೆ ನಾನು ಶಾಲೇಲಿ ನಿಲ್ಲೋ ಹಾಗಿರಲಿಲ್ಲ. ನಾನು ನಿಲ್ಲದಿದ್ರೆ ಆ ತರಗತಿ ನಿಲ್ತಿರಲಿಲ್ಲ. ಬೆಂಚು ಖಾಲಿ ಇದ್ದಾಗ ಇದನ್ನೆಲ್ಲ ಯೋಚನೆ ಮಾಡ್ದೆ ಅಂತ ಅಲ್ಲ. ಗೇಟಿನಲ್ಲೇ ಯೋಚನೆ ಮಾಡಿದ್ದೆ."

ಅಕ್ಕ ಬಾಗಿಲಿಗೆ ಒರಗಿದಳು. ಕೈ ಒಣಗಿತ್ತು, ಆದರೂ ಒರೆಸುತ್ತಲೇ ಇದ್ದಳು. ಈ ಮನೆಯ ಒಲೆಯ ಮುಂದೆ ನಿಂತ ಅಷ್ಟೂ ವರ್ಷ ಒಂದೇ ಮಾತನ್ನು ಹಿಡಿದುಕೊಂಡು ನಿಂತಿದ್ದಳು, ಅವರಿಗೆ ಗೊತ್ತಿರಲಿಲ್ಲ ಅಂತ. ಹಿಟ್ಟು ನಾದುವಾಗ, ಮಾವನ ಹಾಸಿಗೆ ಬದಲಿಸುವಾಗ, ಬೇರೆ ಹುಡುಗಿಯರು ಪರೀಕ್ಷೆಗೆ ಹೊರಟಾಗ ಅವರ ಡಬ್ಬಿಗೆ ಊಟ ತುಂಬುವಾಗ. ಅದರ ಮೇಲೆ ಭಾರ ಹಾಕಿ ನಿಲ್ಲಬಹುದಿತ್ತು. ಈಗ ಅದನ್ನು ಕಾಲ ಕೆಳಗಿಂದ ಎಳೆದುಬಿಟ್ಟಿದ್ದರು.

ಮಗಳು ಕಂಪ್ಯೂಟರ್ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. "ಅಮ್ಮ... ಈಗ ಏನು ಹಾಕ್ಲಿ?"

"'ಗೊತ್ತಿತ್ತು' ಅಂತ ಹಾಕು," ಅಂದರು ದೊಡ್ಡ ಟೀಚರ್.

"ಹಾಕ್ಬೇಡ," ಅಂದಳು ಅಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಧ್ವನಿ ಏರಿರಲಿಲ್ಲ.

"ಆ ಎರಡು ಸಾಲು ತೆಗಿ ಮಗಳೇ, ಅವು ನಿಜ ಅಲ್ಲ ಅಂತ ಈಗ ಗೊತ್ತಾಯ್ತು. ಆದ್ರೆ ಅದರ ಜಾಗದಲ್ಲಿ ಬೇರೆ ಏನೂ ಬೇಡ. ಅದು ನನ್ನ ಪುಟ. ನಾನು ಕಿಟಕೀಲಿ ನಿಂತಿದ್ದೆ, ಗೇಟಿನಲ್ಲಿ ಏನಾಯ್ತು ಅಂತ ನಾನು ನೋಡಿಲ್ಲ." ಟೀಚರ್ ಕಡೆ ತಿರುಗಿದಳು. "ಗೇಟಿನಲ್ಲಿ ಇದ್ದೋರು ನೀವು ಟೀಚರ್. ನಿಮ್ಮ ಮಾತನ್ನ ನನ್ನ ಕೈಲಿ ಬರೆಸ್ಬೇಡಿ. ನಾನು ಬರೆದ್ರೆ ಅದು ಸೊಸೆಯ ದೂರು ಆಗತ್ತೆ, ನಾಳೆ ಓದೋರು, ಪಾಪ, ಅಡುಗೆ ಅಕ್ಕಂಗೆ ಏನೋ ಸಂಕಟ ಅಂತಾರೆ. ನಿಮ್ಮದೇ ಪುಟ ಇದೆಯಲ್ಲ. ಬೇರೆಯವರ ಮಕ್ಕಳಿಗೆ ಒಂದು ನ್ಯಾಯ, ನಮ್ಮ ಮನೆಗೆ ಒಂದು ನ್ಯಾಯ ಮಾಡ್ಲಿಲ್ಲ ಅಂತ ಬರೆಸಿದೀರಲ್ಲ, ಆ ಪುಟ. ಅಲ್ಲಿ ಬರೆಸಿ."

ಕುರ್ಚಿಯ ಕೈ ಮೇಲೆ ದೊಡ್ಡ ಟೀಚರ ಬೆರಳುಗಳು ಎದ್ದು ಮಲಗಿದವು. ಗಂಡ ಏನೋ ಹೇಳಲು ಬಾಯಿ ತೆರೆದ. ಮಗಳು ಅವನ ತೋಳು ಮುಟ್ಟಿ ಸುಮ್ಮನಿರಿಸಿದಳು.

"ಅದನ್ನ ಬರೆಸಿದ್ರೆ," ಅಂದರು ಕೊನೆಗೆ, "ಆ ಮೆಟ್ಟಿಲುಗಳೆಲ್ಲ ಏನಾಗ್ತವೆ?"

"ಅವು ಎಲ್ಲಿಗೆ ಹೋಗ್ತವೆ? ಕೂತಿದ್ದು ನಿಜ, ಹುಡುಗೀರು ಬಂದಿದ್ದು ನಿಜ. ಬ್ಯಾಂಕಿನವಳು ಬ್ಯಾಂಕಲ್ಲೇ ಇರ್ತಾಳೆ."

"ಜನ ಏನಂತಾರೆ ನನ್ನ?"

"ನನಗೆ ಗೊತ್ತಿಲ್ಲ ಟೀಚರ್," ಅಂದಳು ಅಕ್ಕ. ಅದು ನಿಜವಾಗಿತ್ತು. ತಾನು ಏನನ್ನುತ್ತೇನೆ ಅಂತಲೇ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ, ಯಾರನ್ನೋ ಕೂಗಿ, ಉತ್ತರ ಸಿಗದೆ ಮುಂದೆ ಹೋದರು. ದೊಡ್ಡ ಟೀಚರ್ ಕತ್ತು ತಿರುಗಿಸಿ, ಸೊಸೆ ಎಲ್ಲಿ ನಿಂತಿದ್ದಾಳೆಂದು ಅಂದಾಜು ಮಾಡಿದರು.

"ಮಗು, ನನ್ನ ಪುಟ ತೆಗಿ."

ಮಗಳು ಪುಟ ತೆಗೆದಳು. ಬೆರಳು ಕೀಲಿಗಳ ಮೇಲೆ ಕಾದಿದ್ದವು.

"ನೀನು ಒಳಗೆ ಹೋಗು," ಅಂದರು ದೊಡ್ಡ ಟೀಚರ್ ಅಕ್ಕನಿಗೆ. "ಕೆಲಸ ಇಲ್ವಾ?"

"ಇದೆ," ಅಂದಳು ಅಕ್ಕ. ಅತಿಥಿಗಳು ಕೂರುವ ಕುರ್ಚಿಯೊಂದನ್ನು ಗೋಡೆಯಿಂದ ಈಚೆ ಎಳೆದುಕೊಂಡು, ಅವರಿಗೆ ಎದುರಾಗಿ ಕೂತಳು. "ಕೇಳಿಸ್ಕೊಂಡು ಹೋಗ್ತೀನಿ."

ದೊಡ್ಡ ಟೀಚರ್ ಗಂಟಲು ಸರಿಮಾಡಿಕೊಂಡರು.

"ಬರ್ಕೋ," ಅಂದರು.